ಪದಚರ್ಚೆ: ಲೆಕ್ಕದ ಸಾಫ್ಟ್‌ವೇರಿನಾಗ ‘ಇಂಪೋರ್ಟ್’ಗೆ ಆಮದು ಅನ್ನಬೇಕೋ ಖತಾವಣಿ ಅನ್ನಬೇಕೋ?

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಕಾಕಾ ಅವರದು ಕಲಬುರಗಿ ನೆಹರು ಗಂಜ್‌ನಾಗ ಅಡತ್ (ದಲ್ಲಾಳಿ) ಅಂಗಡಿ ಅದ, ತೊಗರಿ ವ್ಯಾಪಾರ. ಮನಿ ಖರ್ಚಿನ ಲೆಕ್ಕ ಬ್ಯಾರೆ ಇಡಬೇಕಂತ ಲ್ಯಾಪ್‌ಟಾಪಿನಾಗ ಗ್ನೂಕ್ಯಾಶ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟೀನಿ, ಬ್ಯಾಂಕಿನ ಸೈಟಿಂದ ವಹಿವಾಟಿನ ಪಟ್ಟಿ ಇರೋ ಸಿಎಸ್‌ವಿ ಫೈಲ್ ಇಳಿಸ್ಕೊಂಡು ಅದರಾಗ ಹ್ಯಾಂಗ ತುಂಬೋದು ಅಂತ ಕನ್ನಡದಾಗ ಒಂದು ಪುಟ ಬರೆದುಕೊಡು ಅಂದ್ರು, ಕುಂತ್ರ ಮೊದಲನೇ ಸಾಲಿಗೇ ಸಿಕ್ಕೊಂಡೀನಿ.

ಕಂಪ್ಯೂಟರ್ ಕನ್ನಡದಾಗ ಎಕ್ಸ್‌ಪೋರ್ಟ್‌ಗೆ ರಫ್ತು, ಇಂಪೋರ್ಟ್‌ಗೆ ಆಮದು ಅಂತ ಹಾಕ್ತಾರಲ್ಲ, ನಾನೂ ಅದೇ ಹಾಕಿದ್ದೆ. ‘ವಹಿವಾಟು ಆಮದು ಮಾಡಿ’ ಅಂತ ಓದಿ ಕಾಕಾ, “ಇದು ಒತ್ತಿದ್ರ ರೊಕ್ಕ ಬರ್ತದೇನೋ?” ಅಂದ್ರು. ನಕ್ಕೆ, ಆದ್ರ ಅವರದೇನು ತಪ್ಪು, ನಮ್ಮ ಕಡೆ ಗಳಿಕೆಗೆ ಆಮದನಿ ಅಂತೀವಿ, ಬೇರೂ ಒಂದೇ. ಫಾರ್ಸಿಯೊಳಗ ಆಮದ್ ಅಂದ್ರ ಬಂತು, ರಫ್ತ್ ಅಂದ್ರ ಹೋಯ್ತು. ಹಂಗ ನೋಡಿದ್ರ ಫೈಲಿಗೂ ಸರಿನೇ, ಆದ್ರ ನನ್ನ ಕಿವಿಗಂತೂ ಹಡಗು, ಬಂದರು, ಕಸ್ಟಮ್ಸ್ ಕೇಳಿಸ್ತದ.

‘ಆವಕ’ ಹಾಕ್ಲಿ ಅಂದ್ರ, ಗಂಜ್‌ನಾಗ ದಿನಾ ಅನ್ನೋ ಮಾತೇ ಅದು, ಇವತ್ತ ತೊಗರಿ ಆವಕ ಎಷ್ಟು ಅಂತ. ಆದ್ರ ಆವಕ ತಾನಾಗೇ ಬರೋದು, ‘ಆವಕ ಮಾಡು’ ಅಂತ ಯಾರೂ ಅನ್ನಂಗಿಲ್ಲ.

ಖರೇ ಹೇಳ್ಬೇಕಂದ್ರ ನನಗ ಹಿಡಿಸಿದ್ದು ಕಾಕಾ ಅವರೇ ಅಂದ ಮಾತು. ಫೈಲ್ ತೆರೆದ ಮ್ಯಾಲ ಒಂದೊಂದು ಸಾಲಿಗೂ ಇದು ಕಿರಾಣಿ, ಇದು ಕರೆಂಟ್ ಬಿಲ್ಲು ಅಂತ ಖಾತೆ ಹಚ್ಚಬೇಕಾಗ್ತದ, ಹಚ್ಚದೆ ಬಿಟ್ರ ಅವು ಇಂಬ್ಯಾಲೆನ್ಸ್ ಅನ್ನೋ ಖಾತೆದಾಗ ಹೋಗಿ ಬೀಳ್ತಾವ. ಅದು ನೋಡಿ “ಇದು ಖತಾವಣಿ ಅಲ್ಲೇನೋ, ಇದಕ್ಕೇನು ಹೊಸಾ ಹೆಸರು” ಅಂದ್ರು. ಕೀರ್ದಿಯೊಳಗ (ದಿನದ ಲೆಕ್ಕದ ವಹಿಯೊಳಗ) ತಾರೀಕಿನ ಪ್ರಕಾರ ಬರೆದದ್ದನ್ನ ಖಾತೆವಾರು ಎತ್ತಿ ಬರೆಯೋದಕ್ಕ ಖತಾವಣಿ ಅಂತಾರ, ಅದೇ ಅವರ ಗುಮಾಸ್ತರ ಕೆಲಸ ಆಗಿತ್ತು, ಬ್ಯಾಂಕ್ ಸ್ಟೇಟ್‌ಮೆಂಟೂ ಒಂದು ಕೀರ್ದಿನೇ ಅಲ್ಲ? ತೊಡಕು ಏನಂದ್ರ, ಖತಾವಣಿ ಅಂದ್ರ ಆ ವಹಿಗೂ ಹೆಸರು, ಆ ಕೆಲಸಕ್ಕೂ ಹೆಸರು.

ಇದಕ್ಕಿಂತ ದೊಡ್ಡ ಗೊಂದಲ ಡೆಬಿಟ್-ಕ್ರೆಡಿಟ್‌ದು. ನಮ್ಮ ಠೇವಣಿ ಬ್ಯಾಂಕಿಗೆ ಸಾಲ, ಅದಕ್ಕ ರೊಕ್ಕ ಬಂದದ್ದನ್ನ ಅವರು ಕ್ರೆಡಿಟ್ ಅಂತಾರ, ಅದೇ ರೊಕ್ಕ ಗ್ನೂಕ್ಯಾಶಿನಾಗ ಕಾಲಂಗಳಿಗೆ ಡೆಬಿಟ್-ಕ್ರೆಡಿಟ್ ಅನ್ನೋ ಫಾರ್ಮಲ್ ಹೆಸರು ಆನ್ ಮಾಡಿದ್ರ ಡೆಬಿಟ್ ಕಾಲಂನಾಗ ಕೂಡ್ತದ. ಹಿಂಗಾಗಿ ಕ್ರೆಡಿಟ್‌ಗೆ ‘ಜಮಾ’, ಡೆಬಿಟ್‌ಗೆ ‘ಖರ್ಚು’ ಅಂತ ಬರೆದಿದ್ದೆ. ಕಾಕಾ ಅದನ್ನೂ ಹೊಡೆದು ಹಾಕಿದ್ರು, ಎಫ್‌ಡಿ ಇಟ್ಟದ್ದು ಖರ್ಚು ಹ್ಯಾಂಗ ಆಗ್ತದ, ಡೆಬಿಟ್‌ಗೆ ‘ನಾವೆ’ ಅಂತ ಬರಿ ಅಂತ. ನಮ್ಮ ವಯಸ್ಸಿನವರು ನಾವೆ ಅಂದ್ರ ದೋಣಿ ಅಂತೀವಿ!

ಬೀದರ್, ಯಾದಗಿರಿ ಕಡೆ ಅಂಗಡಿಯವರು ಈಗಲೂ ಜಮಾ-ನಾವೆ ಅಂತಾರೇನ್ರಿ? ಮತ್ತ ಇಂಪೋರ್ಟ್‌ಗೆ ‘ಖತಾವಣಿಗೆ ಏರಿಸು’ ಅಂತ ಬರೆದ್ರ ಹುಡುಗರಿಗೆ ತಿಳೀತದೇನು, ಇಲ್ಲಾ ಸುಮ್ಮನ ಇಂಪೋರ್ಟ್ ಅಂತಲೇ ಬಿಡ್ಲೋ?