ಉರಿ ಬೇಡ, ರುಚಿ ಬೇಕು: ಸ್ಟ್ರಾಂಗ್ ರಮ್, ಬರ್ಬನ್ ಯಾವುದು ತರಿಸಲಿ?

ಗೋಕುಲ ರೋಡ್ ವೈಂಡಿಂಗ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರೀ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ವಯಸ್ಸು 41. ಕುಡಿಯುವುದು ಶನಿವಾರ ರಾತ್ರಿ ಮಾತ್ರ, ಎರಡು ಪೆಗ್. ಹತ್ತೊಂಬತ್ತು ವರ್ಷದಿಂದ ಅದೇ ಓಲ್ಡ್ ಮಾಂಕ್, ಅದೇ ನೀರು, ಜೊತೆಗೆ ಹುರಿದ ಶೇಂಗಾ. ಬೇರೇನೂ ಬೇಕು ಅನ್ನಿಸಿರಲಿಲ್ಲ.

ಹೋದ ವರ್ಷ ಅಮೆರಿಕದಲ್ಲಿರುವ ನಮ್ಮ ಭಾವ ಬಂದಾಗ ವೈಲ್ಡ್ ಟರ್ಕಿ 101 ಅಂತ ಒಂದು ಬರ್ಬನ್, ಅಂದರೆ ಅಲ್ಲಿನ ಮೆಕ್ಕೆಜೋಳದ ವಿಸ್ಕಿ, ತಂದಿದ್ದರು. ಬಾಟಲಿ ಮೇಲೆ ಆಲ್ಕೋಹಾಲ್ 50.5 ಪರ್ಸೆಂಟ್. ಹೆದರಿ ಚೂರೇ ಹಾಕಿಸಿಕೊಂಡೆ. ಸುಟ್ಟಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಹಿಂದೆಯೇ ಸಕ್ಕರೆ ಪಾಕ ತುಸು ಹೊತ್ತಿದಾಗ ಬರುತ್ತದಲ್ಲ, ಆ ವಾಸನೆ. ಆಮೇಲೆ ದಾಲ್ಚಿನ್ನಿ. ಗುಟುಕು ಇಳಿದ ಮೇಲೂ ಬಹಳ ಹೊತ್ತು ಬಾಯಲ್ಲೇ ಇತ್ತು. ಮುಂದಿನ ಶನಿವಾರ ನನ್ನ ಓಲ್ಡ್ ಮಾಂಕ್ ಕುಡಿದರೆ ನೀರು ಜಾಸ್ತಿ ಆದ ಸಾರಿನ ಹಾಗಿತ್ತು.

ಅಷ್ಟಕ್ಕೇ ಸುಮ್ನೆ ಇರಬೇಕಿತ್ತು. ಸ್ಟ್ರಾಂಗ್ ಇದ್ದಷ್ಟೂ ರುಚಿ ಜಾಸ್ತಿ ಅಂತ ನಾನೇ ಲೆಕ್ಕ ಹಾಕಿದೆ. ದುಬೈಯಿಂದ ಬರುವ ಗೆಳೆಯನ ಕೈಲಿ ಜಮೈಕಾದ ರೇ ಅಂಡ್ ನೆಫ್ಯೂ ಬಿಳಿ ರಮ್ ತರಿಸಿದೆ. 63 ಪರ್ಸೆಂಟ್! ಮುಚ್ಚಳ ತೆಗೆದ ಕೂಡಲೇ ಅಡುಗೆಮನೆಯಿಂದ ಹೆಂಡತಿ, "ನೇಲ್ ಪಾಲಿಶ್ ಯಾರು ಚೆಲ್ಲಿದ್ದು?" ಅಂದಳು. ನನಗೆ ಅಂಗಡಿಯ ವಾರ್ನಿಶ್ ಡಬ್ಬಿ ನೆನಪಾಯಿತು. ಒಂದೇ ಗುಟುಕಿಗೆ ಕಣ್ಣಲ್ಲಿ ನೀರು. ಬಾಟಲಿ ಹಾಗೇ ಕಪಾಟಿನಲ್ಲಿದೆ.

ದೀಪಾವಳಿಗೆ ಭಾವ ಮತ್ತೆ ಬರುತ್ತಿದ್ದಾರೆ. ಒಂದು ರಮ್, ಒಂದು ಬರ್ಬನ್ ತರಲು ಒಪ್ಪಿದ್ದಾರೆ. ನನ್ನ ಬಾಯಿಗೆ ಯಾವುದು ಹಿಡಿಸುತ್ತದೆ ಅಂತ ಮೊದಲೇ ತಿಳಿಯೋದು ಹೇಗ್ರೀ? ಮತ್ತೆ ವಾರ್ನಿಶ್ ತರಿಸಿಕೊಂಡರೆ ಮನೆಯಲ್ಲಿ ಮರ್ಯಾದೆ ಉಳಿಯುವುದಿಲ್ಲ.

ಬ್ಯಾಡಗಿ ಡಬ್ಬಿ

ನಮ್ಮೂರ ಲೆಕ್ಕದಲ್ಲೇ ಹೇಳುತ್ತೇನೆ ಅಣ್ಣಾ. ಖಾರ ಬೇಕಾದವನು ಗುಂಟೂರು ಕಾಯಿ ಕೊಳ್ಳುತ್ತಾನೆ. ಬಣ್ಣ, ವಾಸನೆ ಬೇಕಾದವನು ಬ್ಯಾಡಗಿ ಕೊಳ್ಳುತ್ತಾನೆ. ಬಾಟಲಿ ಮೇಲಿನ ಪರ್ಸೆಂಟ್ ಬರೀ ಖಾರದ ನಂಬರ್. ಅದನ್ನು ನೋಡಿ ರುಚಿ ಹುಡುಕಿದರೆ ಕಣ್ಣಲ್ಲಿ ನೀರು ಬರದೆ ಇನ್ನೇನು?

ಮಾಳಮಡ್ಡಿ ಕಾಕಾ

ಬ್ಯಾಡಗಿಯವರ ಮಾತು ಅರ್ಧ ಸರಿ. ಇನ್ನರ್ಧಕ್ಕೆ ಒಗ್ಗರಣೆ ನೆನಪಿಸಿಕೊಳ್ಳಿ. ಇಂಗಿನ ವಾಸನೆಯನ್ನು ಎಣ್ಣೆ ಹೊತ್ತು ತರುತ್ತದೆ. ಇಲ್ಲಿ ಆ ಕೆಲಸ ಆಲ್ಕೋಹಾಲಿನದು. ಪೀಪಾಯಿಯಿಂದ ತೆಗೆದ ಮಾಲಿಗೆ ಕಂಪನಿಯವರು ನೀರು ಬೆರೆಸಿ 40ಕ್ಕೆ ಇಳಿಸಿದಾಗ ಖಾರದ ಜೊತೆ ರುಚಿಯೂ ತೆಳುವಾಗುತ್ತದೆ. ಸ್ಟ್ರಾಂಗ್ ಬಾಟಲಿ ಕೊಂಡರೆ ನೀರು ಎಷ್ಟು ಅನ್ನೋದು ನಿಮ್ಮ ಕೈಯಲ್ಲಿರುತ್ತದೆ. ಅದಕ್ಕೇ ದುಡ್ಡು ಕೊಡೋದು, ಉರಿಗಲ್ಲ.

ನಾನು ಸಕ್ಕರೆ ಕಾರ್ಖಾನೆ ಲ್ಯಾಬಿನಲ್ಲಿ 31 ವರ್ಷ ಕಾಕಂಬಿ ಅಳೆದವನು. ಪಕ್ಕದಲ್ಲೇ ಡಿಸ್ಟಿಲರಿ. ನಿಮ್ಮ ಮನೆಯವರ ಮೂಗು ಚುರುಕಾಗಿದೆ. ಅವರು ಹಿಡಿದದ್ದು ಈಥೈಲ್ ಅಸಿಟೇಟ್, ಒಂದು ಎಸ್ಟರ್, ಹಣ್ಣಿನಂಥ ವಾಸನೆ ಕೊಡುವ ರಾಸಾಯನಿಕಗಳ ಜಾತಿ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲೂ ಅದೇ ಇರುತ್ತದೆ. ಇದು ಕಲಬೆರಕೆ ಅಲ್ಲ, ಜಮೈಕಾದವರು ಬೇಕಂತಲೇ ಬರಿಸುವ ವಾಸನೆ. ನಮ್ಮಲ್ಲಿ ಕಾಕಂಬಿ ಒಂದೆರಡು ದಿನದಲ್ಲಿ ಹುಳಿತು ಮುಗಿಯುತ್ತಿತ್ತು. ಅಲ್ಲಿ ಕೆಲವು ಡಿಸ್ಟಿಲರಿಗಳು ವಾರಗಟ್ಟಲೆ ಬಿಡುತ್ತವೆ. ಭಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿಯುವ ಕಪ್ಪು ನೀರಿದೆಯಲ್ಲ, ನಮ್ಮ ಸ್ಪೆಂಟ್ ವಾಶ್, ಅದನ್ನು ಎಲ್ಲಿ ಬಿಡೋದು ಅಂತ ನಾವು ತಲೆ ಕೆಡಿಸಿಕೊಳ್ಳುತ್ತಿದ್ದೆವು. ಅವರು ಅದಕ್ಕೆ ಡಂಡರ್ ಅಂತ ಹೆಸರಿಟ್ಟು ಮುಂದಿನ ಹುಳಿಗೆ ಸೇರಿಸುತ್ತಾರೆ!

ಭಾವನಿಗೆ ಫೋನ್ ಮಾಡುವ ಮೊದಲು ಆ ಬಾಟಲಿ ಹೊರಗೆ ತೆಗೆಯಿರಿ. ಕೆಮ್ಮಿನ ಔಷಧಿಯ ಜೊತೆ ಬರುವ ಅಳತೆ ಮುಚ್ಚಳ ಇರುತ್ತದಲ್ಲ, ಅದರಲ್ಲಿ 10 ಎಂಎಲ್ ರಮ್, 5 ಎಂಎಲ್ ನೀರು. ಅಲ್ಲಿಗೆ 42 ಪರ್ಸೆಂಟ್, ಹೆಚ್ಚುಕಡಿಮೆ ನಿಮ್ಮ ಓಲ್ಡ್ ಮಾಂಕ್ ಇರುವಷ್ಟೇ. ಸ್ಟೀಲ್ ಲೋಟ ಬೇಡ, ಚಹಾದ ಸಣ್ಣ ಗಾಜಿನ ಗ್ಲಾಸ್ ಸಾಕು. ಹತ್ತು ನಿಮಿಷ ಹಾಗೇ ಇಡಿ. ಮೂಗನ್ನು ಒಳಗೆ ತೂರಿಸಬೇಡಿ, ಬಾಯಿ ಅರ್ಧ ತೆರೆದು ದೂರದಿಂದಲೇ ವಾಸನೆ ತಗೊಳ್ಳಿ. ವಾರ್ನಿಶ್ ಹಿಂದೆ ಸರಿದು ಕಳಿತ ಬಾಳೆಹಣ್ಣೋ ಅನಾನಸ್ಸೋ ಬರಬೇಕು. ಆ ವಾಸನೆ ಇಷ್ಟವಾದರೆ ನೀವು ಜಮೈಕಾ ಪಕ್ಷ, ಸ್ಮಿತ್ ಅಂಡ್ ಕ್ರಾಸ್ ತರಿಸಿ, 57 ಪರ್ಸೆಂಟ್. ಆಗಲೂ ಮುಖ ಸಿಂಡರಿಸಿದರೆ ಜಮೈಕಾ ಬಿಟ್ಟುಬಿಡಿ. ಓಲ್ಡ್ ಮಾಂಕ್ ಬಾಯಿಗೆ ಗಯಾನಾ ಕಡೆಯ ದಪ್ಪ, ಕಪ್ಪು ರಮ್ ಹತ್ತಿರ. ಪಸರ್ಸ್ ಗನ್‌ಪೌಡರ್ ಪ್ರೂಫ್ ಅಂತ ಕೇಳಿ, 54.5. ಬ್ರಿಟಿಷ್ ನೌಕಾಪಡೆಯವರು 1970ರ ತನಕ ದಿನಾ ಪಡಿ ಕೊಡುತ್ತಿದ್ದ ರಮ್ಮಿನ ಧಾಟಿಯದು.

ಬರ್ಬನ್ ವಿಷಯ ಸುಲಭ. ಅರ್ಧಕ್ಕಿಂತ ಜಾಸ್ತಿ, ಅಂದರೆ ಕಡಿಮೆಯೆಂದರೂ 51 ಪರ್ಸೆಂಟ್ ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ನಿಮ್ಮ ಹೊತ್ತಿದ ಪಾಕ ಆ ಸುಟ್ಟ ಮರದ್ದು. ದಾಲ್ಚಿನ್ನಿ ಅಂದಿರಲ್ಲ, ಅದರಲ್ಲಿ ರೈ ಅನ್ನೋ ಧಾನ್ಯದ ಪಾಲಿದೆ. ಅದು ಹಿಡಿಸಿದ್ದರೆ ರೈ ಜಾಸ್ತಿ ಇರುವ ಓಲ್ಡ್ ಗ್ರ್ಯಾಂಡ್-ಡ್ಯಾಡ್ 114 ತರಿಸಿ, 57 ಪರ್ಸೆಂಟ್. ಬರೀ ಪಾಕ ಹಿಡಿಸಿದ್ದರೆ ರೈ ಬದಲು ಗೋಧಿ ಹಾಕುವ ಮೇಕರ್ಸ್ ಮಾರ್ಕ್, ಅದರ ಕಾಸ್ಕ್ ಸ್ಟ್ರೆಂತ್, ಅಂದರೆ ಪೀಪಾಯಿಯ ಸ್ಟ್ರಾಂಗಿನಲ್ಲೇ ತುಂಬಿದ್ದು. ಅವೇನೂ ಸಿಗದಿದ್ದರೆ ಲೇಬಲ್ಲಿನಲ್ಲಿ "ಬಾಟಲ್ಡ್ ಇನ್ ಬಾಂಡ್" ಅಂತ ಇರುವ ಯಾವುದಾದರೂ ನಡೆಯುತ್ತದೆ. 1897ರ ಕಾನೂನು ಅದು: 50 ಪರ್ಸೆಂಟ್, ಕನಿಷ್ಠ ನಾಲ್ಕು ವರ್ಷ ಪೀಪಾಯಿಯಲ್ಲಿ, ಒಂದೇ ಡಿಸ್ಟಿಲರಿಯ ಒಂದೇ ಹಂಗಾಮಿನ ಮಾಲು.

ಶೇಂಗಾ ರಮ್ಮಿಗಿರಲಿ. ಬರ್ಬನ್ ಜೊತೆ ಅರ್ಧ ಧಾರವಾಡ ಪೇಡಾ ಬಾಯಿಗೆ ಹಾಕಿಕೊಂಡು ನೋಡಿ. ಹುರಿದ ಖೋವಾಕ್ಕೂ ಸುಟ್ಟ ಮರಕ್ಕೂ ಎಲ್ಲಿಯ ನಂಟೋ ಗೊತ್ತಿಲ್ಲ. ಹುಬ್ಬಳ್ಳಿಯವರು ನಕ್ಕರೂ ಚಿಂತೆಯಿಲ್ಲ.

ಗದಗ ಪ್ರೆಸ್

ಕಾಕಾ ಹೇಳಿದ್ದಕ್ಕೆ ಒಂದು ಬಾಲ. ಪ್ರೂಫ್ ಅನ್ನೋದು ಸ್ಟ್ರಾಂಗ್ ಎಷ್ಟು ಅಂತ ಹೇಳುವ ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಅದು ಪರ್ಸೆಂಟಿನ ಎರಡರಷ್ಟು, 101 ಪ್ರೂಫ್ ಅಂದರೆ 50.5. ಬ್ರಿಟಿಷರ 100 ಪ್ರೂಫ್ ಅಂದರೆ ಸುಮಾರು 57.1. ನಮ್ಮ ಬಾಟಲಿಗಳ ಮೇಲೆ 42.8 ಅಂತ ವಿಚಿತ್ರ ನಂಬರ್ ಯಾಕೆ ಅಂತ ನಾನು ಬಹಳ ದಿನ ತಲೆ ಕೆರೆದುಕೊಂಡಿದ್ದೆ. ಅದು ಬ್ರಿಟಿಷ್ ಲೆಕ್ಕದ 75 ಪ್ರೂಫ್, ಅಷ್ಟೇ. ಹಾಗಾಗಿ 57ರ ಮಾಲು 30 ಎಂಎಲ್‌ಗೆ 10 ನೀರು ಹಾಕಿದರೆ ಸರಿಯಾಗಿ ನಮ್ಮೂರ ಸ್ಟ್ರಾಂಗಿಗೆ ಬರುತ್ತದೆ. ನಾಲ್ಕರಲ್ಲಿ ಒಂದು ಪಾಲು ನೀರು, ಇಷ್ಟು ನೆನಪಿಟ್ಟರೆ ಸಾಕು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. 63ರದ್ದನ್ನು ಮಾಮೂಲಿ ಹಾಗೆ 60 ಎಂಎಲ್ ಪೆಗ್ ಹಾಕಿಕೊಂಡೆ, ಎರಡು ಸಲ. ಒಂದೊಂದೂ ಮಾಮೂಲಿ ರಮ್ಮಿನ 90 ಎಂಎಲ್‌ಗೆ ಸಮ! ಮರುದಿನ ಲಗ್ನಪತ್ರಿಕೆ ಪ್ರೂಫ್ ನೋಡುವಾಗ ಮದುಮಗನ ಹೆಸರಿನ ಜಾಗದಲ್ಲಿ ಮಾವನ ಹೆಸರು ಬಂದದ್ದನ್ನು ಗಮನಿಸದೆ ಹಾಗೇ ಬಿಟ್ಟಿದ್ದೆ. ಪುಣ್ಯಕ್ಕೆ ಮಷಿನ್ ಹತ್ತುವ ಮೊದಲು ಹುಡುಗ ನೋಡಿದ. ಅಂದಿನಿಂದ 30 ದಾಟಿಲ್ಲ.

ಭಾವನಿಗೆ ಇದನ್ನೂ ಹೇಳಿ: 70 ಪರ್ಸೆಂಟ್ ದಾಟಿದ್ದನ್ನು ವಿಮಾನದಲ್ಲಿ ಬಿಡುವುದಿಲ್ಲ, ಹಾಗಾಗಿ 151 ಪ್ರೂಫಿನ ಬಾಟಲಿ ಬೇಡ, ಅದು 75.5. ಸುಂಕ ಇಲ್ಲದೆ ತರಬಹುದಾದದ್ದು ತಲೆಗೆ ಎರಡು ಲೀಟರ್. 750ರ ಎರಡು ಬಾಟಲಿ ಆರಾಮ.

ದೀಪಾವಳಿ ತನಕ ಕಾಯುವುದು ಬೇಡ ಅಂದರೆ ನಮ್ಮ ದೇಶದ್ದೇ ಕಾಮಿಕರಾ ಇದೆ. ಕಾಕಂಬಿಯದಲ್ಲ, ಕಬ್ಬಿನ ಹಾಲಿನ ರಮ್, 12 ವರ್ಷದ್ದು 50 ಪರ್ಸೆಂಟ್. ಬೆಂಗಳೂರಿನ ಅಮೃತ್ ಕಂಪನಿಯವರು ಬೆಲ್ಲದಿಂದ ಮಾಡಿ ಹೆಸರನ್ನೂ "ಬೆಲ್ಲ" ಅಂತಲೇ ಇಟ್ಟಿದ್ದಾರೆ. ಜೇಬು ನೋಡಿಕೊಂಡು ಹೋಗಿ.

ಗೋಕುಲ ರೋಡ್ ವೈಂಡಿಂಗ್

ಕಾಕಾ, ನಿಮ್ಮ ಮುಚ್ಚಳದ ಲೆಕ್ಕ ನಿನ್ನೆ ಮಾಡಿದೆ. ಕೆಮ್ಮಿನ ಔಷಧಿ ಮಗಳದು, ಮುಚ್ಚಳ ಎಷ್ಟು ತೊಳೆದರೂ ಮೊದಲ ಸಲ ಮೆಂಥಾಲ್ ವಾಸನೆಯೇ ಬಂತು. ಬಿಸಿನೀರಲ್ಲಿ ಕುದಿಸಿ ಮತ್ತೆ ಮಾಡಿದೆ. ಐದು ನಿಮಿಷ ವಾರ್ನಿಶ್ಶೇ. ಆಮೇಲೆ ಬಂದದ್ದು ಬಾಳೆಹಣ್ಣಲ್ಲ ಕಾಕಾ, ಹಲಸಿನ ಹಣ್ಣು. ಹೊರಗೆ ಬಿಸಿಲಲ್ಲಿ ಒಂದು ದಿನ ಜಾಸ್ತಿ ಇಟ್ಟದ್ದು. ಹೆಂಡತಿಗೂ ಗ್ಲಾಸ್ ಮೂಸಲು ಕೊಟ್ಟೆ. "ಶಿರಸಿಯಲ್ಲಿ ನಮ್ಮ ಅಜ್ಜಿ ಮನೆ ಅಟ್ಟದ ವಾಸನೆ" ಅಂದು ಗ್ಲಾಸ್ ವಾಪಸ್ ಕೊಡಲೇ ಇಲ್ಲ, ಎರಡು ಸಲ ಮೂಸಿದಳು. ನನಗೆ ವಾಸನೆ ಹಿಡಿಸಿತು, ರುಚಿ ಇನ್ನೂ ಅಷ್ಟಕ್ಕಷ್ಟೇ. ಅದಕ್ಕೆ ಈ ಸಲ ಪಸರ್ಸ್ ಹೇಳಿದ್ದೇನೆ, ಬರ್ಬನ್ ಮಾತ್ರ ಗ್ರ್ಯಾಂಡ್-ಡ್ಯಾಡ್ 114. ಭಾವ, "ಅದು ಇಲ್ಲಿ ಅಗ್ಗದ ಮಾಲು, ಬೇರೆ ಒಳ್ಳೇದು ತರಲಾ?" ಅಂದರು. ಬೇಡ ಅಂದೆ. ಸರಿ ಮಾಡಿದೆ, ಅಲ್ವಾ?

ಮಾಳಮಡ್ಡಿ ಕಾಕಾ

ಸರಿ ಮಾಡಿದಿರಿ. ಅಗ್ಗ ಅನ್ನೋದು ಅಲ್ಲಿನ ಮಾತು, ಬಾಯಿ ನಿಮ್ಮದು. ಬಂದ ಮೇಲೆ ಬಾಟಲಿ ನಿಲ್ಲಿಸಿಯೇ ಇಡಿ. ವೈನಿನ ಹಾಗೆ ಮಲಗಿಸಿದರೆ ಕಾರ್ಕ್ ಇದ್ದರೆ ಇಷ್ಟು ಸ್ಟ್ರಾಂಗಿಗೆ ಹಾಳಾಗಿ ಪುಡಿಯಾಗಬಹುದು. ಹಬ್ಬ ಮುಗಿದ ಶನಿವಾರ ಪೇಡಾ ನಾನು ತರುತ್ತೇನೆ. ಸ್ಕೂಟರ್ ಮನೆಯಲ್ಲೇ ಬಿಟ್ಟು ಚಿಗರಿ ಬಸ್ಸಿನಲ್ಲಿ ಬರುತ್ತೇನೆ. ನೀವು ಆ ಮುಚ್ಚಳ ಒಂದು ತೊಳೆದಿಡಿ.