ಸಹಾಯ ಬೇಕು: ನ್ಯಾನೊ ಕಣದೊಳಗೆ ಪ್ರೋಟೀನ್ ನಿಲ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯವಳು, ಜಿಲ್ಲೆಯಲ್ಲೇ ಒಂದು ಸಣ್ಣ ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಪಿಎಲ್‌ಜಿಎ (ದೇಹದೊಳಗೆ ತಾನಾಗೇ ಒಡೆದುಹೋಗೋ ಒಂದು ಪಾಲಿಮರ್) ಕಣಗಳೊಳಗೆ ಓವಾಲ್ಬುಮಿನ್, ಅಂದ್ರೆ ಮೊಟ್ಟೆ ಬಿಳಿಭಾಗದ ಪ್ರೋಟೀನ್ ತುಂಬಬೇಕು. (ಆಮ್ಲೆಟ್ ಹಾಕೋಕೆ ಇಷ್ಟು ವರ್ಷ ಓದ್ಬೇಕಾ ಅಂತಾರೆ ಅಜ್ಜಿ.) ರೋಗನಿರೋಧಕ ವ್ಯವಸ್ಥೆಯ ಕಾವಲುಗಾರರಾದ ಡೆಂಡ್ರಿಟಿಕ್ ಕೋಶಗಳು ಕಣ ನುಂಗಿ, ಅದೇ ವ್ಯವಸ್ಥೆಯ ಟಿ ಕೋಶಗಳಿಗೆ ಪ್ರೋಟೀನಿನ ಚೂರು ತೋರಿಸ್ಬೇಕು, ರೋಗನಿರೋಧಕ ವ್ಯವಸ್ಥೆ ಕೆರಳದೆ ಅದನ್ನ ಸಹಿಸೋದು ಕಲೀಬೇಕು. ಉದ್ದೇಶ ಇಷ್ಟೇ.

ಮಾಡ್ತಿರೋದು ಡಬಲ್ ಎಮಲ್ಷನ್, ಅಂದ್ರೆ ಪ್ರೋಟೀನ್ ಇರೋ ನೀರನ್ನ ಪಾಲಿಮರ್ ದ್ರಾವಣದೊಳಗೆ ಹನಿಯಾಗಿಸಿ, ಅದನ್ನ ಮತ್ತೆ ನೀರಿನೊಳಗೆ ಹನಿಯಾಗಿಸೋದು. ಪ್ರೋಟೀನ್ ದ್ರಾವಣವನ್ನ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿದ ಪಿಎಲ್‌ಜಿಎಗೆ ಹಾಕಿ, ಐಸ್ ಮೇಲಿಟ್ಟು ಸೋನಿಕೇಟ್ ಮಾಡಿ (ಶಬ್ದತರಂಗದಿಂದ ಕಲಕಿ), ಆಮೇಲೆ 2% ಪಿವಿಎಯಲ್ಲಿ (ಹನಿಗಳು ಒಂದಕ್ಕೊಂದು ಸೇರದಂತೆ ತಡೆಯೋ ವಸ್ತು) ಮತ್ತೊಮ್ಮೆ. ಗಾತ್ರ 250 ನ್ಯಾನೊಮೀಟರ್ ಆಸುಪಾಸು, ಅದಕ್ಕೇನೂ ತಕರಾರಿಲ್ಲ. ಆದ್ರೆ ಬಿಸಿಎ (ಪ್ರೋಟೀನ್ ಎಷ್ಟಿದೆ ಅಂತ ಅಳೆಯೋ ಪರೀಕ್ಷೆ) ಮಾಡಿ ನೋಡಿದ್ರೆ ಹಾಕಿದ್ದರಲ್ಲಿ ಐದನೇ ಒಂದು ಪಾಲೂ ಒಳಗಿಲ್ಲ. ಮಿಕ್ಕಿದ್ದೆಲ್ಲ ತೊಳೆದ ನೀರಿನಲ್ಲಿ!

ನನಗೆ ಪಾಲಿಮರ್ ಮೇಲೇ ಅನುಮಾನ. ಜುಲೈ ಮಳೆ, ಗೋಡೆಯೇ ಬೆವರೋ ಕಾಲ. ಫ್ರೀಜರ್‌ನಿಂದ ತೆಗೆದ ಬಾಟಲಿಯ ಥಂಡಿ ಇಳಿಯೋ ಮೊದಲೇ ಮುಚ್ಚಳ ತೆಗೆದುಬಿಟ್ಟೆ. ಈಗ ಪುಡಿ ಸ್ಪ್ಯಾಚುಲಾಗೆ ಅಂಟಿಕೊಳ್ತಿದೆ. ತೇವ ತಗುಲಿದ್ರೆ ಪಿಎಲ್‌ಜಿಎ ಸರಪಳಿ ತುಂಡಾಗುತ್ತೆ ಅಂತ ಗೊತ್ತಿದ್ದೂ ಹೀಗೆ ಮಾಡಿದೆ, ಬೈಬೇಡಿ.

ಅದನ್ನ ಎಸೆದು ಹೊಸದು ತರಿಸ್ಲಾ, ಅಥವಾ ಒಳಗಿನ ನೀರಿನ (ಪ್ರೋಟೀನ್ ಕರಗಿಸೋ ನೀರಿನ) ಪ್ರಮಾಣ ತಗ್ಗಿಸಿ ನೋಡ್ಲಾ? ಫ್ರೀಜ್ ಡ್ರೈ ಮಾಡುವಾಗ (ಹೆಪ್ಪುಗಟ್ಟಿಸಿ ಒಣಗಿಸುವಾಗ) ಕಣ ಕಾಪಾಡೋ ಸಕ್ಕರೆ ಟ್ರೆಹಲೋಸ್ ಎಷ್ಟು ಹಾಕ್ತೀರಿ? ನನ್ನ ಕಣಗಳು ಮೊಸರಿನ ಗಡ್ಡೆ ಥರ ಕೂರ್ತಿವೆ. ಇನ್ನೊಂದು, ಮಾಮೂಲಿ ಓವಾಲ್ಬುಮಿನ್‌ನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದಿಂದ ಬರೋ ವಿಷವಸ್ತು) ಇರುತ್ತೆ, ಅದೇ ಕೋಶಗಳನ್ನ ಕೆರಳಿಸಿದ್ರೆ ಫಲಿತಾಂಶವೆಲ್ಲ ನೀರುಪಾಲು. ತೆಗೆಯೋದು ಹೇಗೆ ಅಂತ ಕೈಯಾರೆ ಮಾಡಿದವರು ದಯವಿಟ್ಟು ಹೇಳಿ. ಇಲ್ಲಿ ಕರೆಂಟ್ ಹೋಗ್ತಾ ಬರ್ತಾ ಇದೆ, ಉತ್ತರ ತಡವಾದ್ರೆ ಬೇಜಾರಾಗ್ಬೇಡಿ.