ಸಹಾಯ ಬೇಕು: ಹಳೇ ಮನೆಯ ಒಂದು ಕೋಣೆ ಕುಲುಮೆ ಆಗಿದೆ

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಕಲ್ಲು, ಪಡಸಾಲೆ ಮೇಲೆ ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಛಾವಣಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದರೂ ಅಲ್ಲಿ ಮಧ್ಯಾಹ್ನ ಆರಾಮಾಗಿ ಮಲಗಬಹುದು.

ತೊಂದರೆ ಹಿಂದಿನ ಕೋಣೆಯದು. ಸೋರುತ್ತದೆ ಅಂತ ಅಲ್ಲಿನ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಿದ್ದರು. ಹಗಲೆಲ್ಲಾ ಕಾದ ಸ್ಲ್ಯಾಬ್ ರಾತ್ರಿ ಹತ್ತಾದರೂ ಆರುವುದಿಲ್ಲ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಮೈಮೇಲೆ. ಅವ್ವ ಮಲಗುವುದು ಅಲ್ಲೇ.

ಕೂಲರ್ ಇದೆ. ಕಿಟಕಿ ತೆರೆದಿಟ್ಟರೆ ಒಣ ಹವೆಯಲ್ಲಿ ಚೆನ್ನಾಗಿ ತಂಪು ಮಾಡುತ್ತದೆ. ಒಂದು ಮಳೆ ಬಿದ್ದರೆ ಮುಗೀತು, ಬರೀ ಅಂಟಂಟು. ತಮ್ಮ ಎಸಿ ಹಾಕಿಸೋಣ ಅಂತಾನೆ. ಕಾದ ಸ್ಲ್ಯಾಬ್ ಕೆಳಗೆ ಎಸಿ ಓಡಿಸಿದರೆ ಕರೆಂಟ್ ಬಿಲ್ ಕಟ್ಟೋರು ಯಾರು? ಮೊದಲು ಛಾವಣಿ ನೋಡೋಣ ಅನ್ನೋದು ನನ್ನ ವಾದ.

ಬಿಸಿಲು ಹೀರದಂತೆ ಸ್ಲ್ಯಾಬ್ ಮೇಲೆ ಸುಣ್ಣ ಬಳಿಸುವುದು ಅಗ್ಗ, ಆದರೆ ಮಳೆಗೆ ತೊಳೆದು ಹೋಗುತ್ತದೆ ಅಲ್ವಾ? ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಕೂಲ್ ರೂಫ್ ಪೇಂಟ್ ಹಚ್ಚಿಸಿದವರು ಇದ್ದರೆ ಹೇಳಿ, ನಮ್ಮ ಕಡೆ ಧೂಳಿಗೆ ಎಷ್ಟು ವರ್ಷ ಬಿಳಿ ಉಳಿಯುತ್ತದೆ? ಇಲ್ಲಾ ಬಿಳಿ ಟೈಲ್ಸ್ ಚೂರು ಹಾಕಿಸುವುದೇ ಮೇಲಾ?

ಇನ್ನೊಂದು. ಪಡಸಾಲೆಯ ಬೆಳಕಿಂಡಿಯನ್ನು ಸಿಮೆಂಟ್ ಹಾಕಿ ಮುಚ್ಚಿ ಅಂತಾನೆ ಮೇಸ್ತ್ರಿ. ಬಿಸಿ ಗಾಳಿ ಹೊರಗೆ ಹೋಗೋದೇ ಅದರಿಂದ, ಸುಮ್ನೆ ಮುಚ್ಚೋಕೆ ಮನಸ್ಸಿಲ್ಲ. ಮಳೆ ನೀರು ಬರದಂತೆ, ಗಾಳಿ ಮಾತ್ರ ಆಡುವಂತೆ ಮಾಡಿಸಿದವರು ಫೋಟೋ ಹಾಕಿ. ಮಾಳಿಗೆ ಕೆಲಸ ಗೊತ್ತಿರುವ ಹಳೇ ಮೇಸ್ತ್ರಿಗಳು ಆಳಂದ, ಸೇಡಂ ಕಡೆ ಯಾರಾದರೂ ಇದ್ದರೂ ತಿಳಿಸಿರಿ.